ರಂಗದ ಕಲ್ಲಿನ ಮೇಲೆ ಹೇಳಬೇಕಿದ್ದ ಪಾಠ

ದೊನಾತಾ ಸಾಂತಾರ್ಸಿಯೆರೊ ಅವರು ದಕ್ಷಿಣ ಇಟಲಿಯ ಲುಕಾನಿಯಾ ಸೀಮೆಯ ಕಾಸ್ತೆಲ್‌ಬ್ರೂನೊ ಎಂಬ ಗುಡ್ಡದೂರಿನಲ್ಲಿ ಮೂವತ್ತು ವರ್ಷಕ್ಕೆ ಮಿಕ್ಕಿ ಪ್ರಾಚೀನ ಗ್ರೀಕ್ ಕಲಿಸಿದರು. ಗ್ರೀಸ್ ದೇಶವನ್ನು ಮಾತ್ರ ನೋಡಿರಲಿಲ್ಲ. ಬ್ರಿಂದಿಸಿ ಬಂದರಿನಲ್ಲಿ ಸಂಜೆ ಹಡಗು ಹತ್ತಿದರೆ ಮರುದಿನ ಗ್ರೀಸಿನ ನೆಲ. ಆದರೂ ಹೋಗಿರಲಿಲ್ಲ. ಊರಿನವರು ಇದನ್ನು ವಿಚಿತ್ರವೆಂದು ಎಣಿಸಿದಂತಿಲ್ಲ. "ಪಾದ್ರಿಗಳು ಸ್ವರ್ಗದ ವಿಷ್ಯ ಹೇಳ್ತಾರಲ್ಲ, ಹೋಗಿ ನೋಡ್ಕೊಂಡ್ ಬಂದು ಹೇಳ್ತಾರಾ?" ಎಂದು ಚೌಕದ ಕಾಫಿ ಅಂಗಡಿಯಾತ ಅವರ ಪರವಾಗಿ ವಾದಿಸುತ್ತಿದ್ದ.

ಹೋಗದಿದ್ದುದಕ್ಕೆ ಕಾರಣಗಳು ಒಂದರ ಬೆನ್ನಿಗೊಂದು ಬಂದವು. ದೊನಾತಾ ಅವರ ತಂದೆ ಕುರಿಗಾಹಿ. ಚಳಿಗಾಲಕ್ಕೆ ಮಂದೆಯೊಂದಿಗೆ ಪುಲಿಯಾದ ಬಯಲಿಗೆ ಇಳಿದು, ಬೇಸಗೆಗೆ ಮತ್ತೆ ಗುಡ್ಡ ಹತ್ತುತ್ತಿದ್ದವರು. ಒಬ್ಬಳೇ ಮಗಳನ್ನು ಸನ್ಯಾಸಿನಿಯರ ವಸತಿಶಾಲೆಗೆ ಸೇರಿಸಲು ಹಟ ಹಿಡಿದವರು ತಾಯಿ ಇಂಕೊರೊನಾತಾ. ನೇಪಲ್ಸಿನಲ್ಲಿ ಪದವಿ ಮುಗಿದ ಮೇಲೆ ಬಹಳ ಕಾಲ ದೊನಾತಾ ಬದಲಿ ಶಿಕ್ಷಕಿಯಾಗಿ ಊರಿಂದೂರಿಗೆ ಅಲೆದರು. ಶಾಲೆಗಳು ಪ್ರವಾಸ ಹೊರಡುವುದು ವಸಂತದಲ್ಲಿ. ಬದಲಿ ಶಿಕ್ಷಕಿಯ ನೇಮಕದ ಅವಧಿ ತೀರುವುದೂ ಹೆಚ್ಚುಕಡಿಮೆ ಆಗಲೇ. ಯಾವ ಮಕ್ಕಳಿಗೆ ಚಳಿಗಾಲವಿಡೀ ಕ್ರಿಯಾಪದ ತಿದ್ದಿದರೋ, ಆ ಮಕ್ಕಳನ್ನು ಬೇರೆಯವರು ಕರೆದೊಯ್ಯುತ್ತಿದ್ದರು. ಸ್ವಂತ ಊರಿನ ಗ್ರೀಕ್-ಲ್ಯಾಟಿನ್ ಶಾಲೆಯಲ್ಲಿ ಕಾಯಂ ಆದ ಮರುವರ್ಷವೇ ತಾಯಿಗೆ ಪಾರ್ಶ್ವವಾಯು ಬಡಿಯಿತು. ಇಂಕೊರೊನಾತಾ ಹಾಸಿಗೆ ಹಿಡಿದರು, ಮತ್ತು ಬಹಳ ವರ್ಷ ಬದುಕಿದರು. ಶಾಲೆಗೂ ಮನೆಗೂ ನಡುವೆ ಒಂದು ಓಣಿ. ಮಧ್ಯದ ವಿರಾಮದಲ್ಲಿ ದೊನಾತಾ ಆ ಓಣಿಯಲ್ಲಿ ಓಡಿಹೋಗಿ, ತಾಯಿಯ ಮಗ್ಗುಲು ಬದಲಿಸಿ, ಗಂಜಿಯನ್ನೋ ಸೂಪನ್ನೋ ಚಮಚದಲ್ಲಿ ಕುಡಿಸಿ, ಮುಂದಿನ ಗಂಟೆಗೆ ತರಗತಿಯಲ್ಲಿರುತ್ತಿದ್ದರು. ಅವರ ತೋಳಿನಲ್ಲಿ ಸೀಮೆಸುಣ್ಣದ ಜೊತೆಗೆ ಕರ್ಪೂರದೆಣ್ಣೆಯ ವಾಸನೆಯೂ ಇರುತ್ತಿತ್ತೆಂದು ಆ ಕಾಲದ ವಿದ್ಯಾರ್ಥಿಗಳು ನೆನೆಯುತ್ತಾರೆ.

ತಾಯಿ ತೀರಿಕೊಂಡ ಬಳಿಕ ಅಡ್ಡ ಬಂದದ್ದು ಮತದಾನ. ಮಕ್ಕಳಿಲ್ಲದೆ ಒಬ್ಬರೇ ಹೋಗುವುದು ದೊನಾತಾ ಅವರಿಗೆ ಬೇಡವಾಗಿತ್ತು. ಪ್ರವಾಸ ಎಲ್ಲಿಗೆಂದು ಕೊನೆಯ ವರ್ಷದ ತರಗತಿಯೇ ಕೈಯೆತ್ತಿ ನಿರ್ಧರಿಸುವುದು ಅಲ್ಲಿನ ರೂಢಿ. ಒಂದು ವರ್ಷ ಪ್ರಾಗ್, ಒಂದು ವರ್ಷ ಬಾರ್ಸೆಲೋನಾ, ಮತ್ತೆ ಪ್ರಾಗ್. ಐದು ವರ್ಷ ಗ್ರೀಕ್ ಓದಿದ ಮಕ್ಕಳಿಗೆ ಆರನೆಯ ಬಾರಿ ಅದರ ಮುಖ ನೋಡುವ ಆಸೆ ಇರಲಿಲ್ಲ. ದೊನಾತಾ ಒತ್ತಾಯಿಸಲಿಲ್ಲ. ಒತ್ತಾಯದಿಂದ ಕಲಿಸಬಹುದು, ತೋರಿಸಲಾಗದು ಎಂಬುದು ಅವರ ಎಣಿಕೆ.

ಇಷ್ಟಾದರೂ ಅವರ ಮನಸ್ಸಿನಲ್ಲಿ ಒಂದು ಜಾಗ ಗಟ್ಟಿಯಾಗಿತ್ತು: ಎಪಿದಾವ್ರೊಸ್. ಅಲ್ಲಿ ವೈದ್ಯದೇವತೆಯ ಗುಡಿ ಇತ್ತು. ರೋಗಿಗಳು ದೂರದೂರದಿಂದ ಬಂದು, ಮಿಂದು, ಬಲಿ ಕೊಟ್ಟು, ಉದ್ದನೆಯ ಮಂಟಪದಲ್ಲಿ ಮಲಗಿ, ಕನಸಿನಲ್ಲಿ ದೇವರು ಹೇಳುವ ಮದ್ದಿಗಾಗಿ ಕಾಯುತ್ತಿದ್ದರು. ಅದೇ ಆವರಣದ ಗುಡ್ಡದ ಮಗ್ಗುಲಿಗೆ ಸಾವಿರಾರು ಜನ ಕೂರುವ ರಂಗಮಂದಿರ. "ಆಸ್ಪತ್ರೆಗೆ ನಾಟಕಶಾಲೆ ಯಾಕೆ?" ಎಂಬ ಪ್ರಶ್ನೆಯಿಂದ ಆರಂಭವಾಗುವ ಒಂದು ಪಾಠವನ್ನು ದೊನಾತಾ ಪ್ರತಿ ವಸಂತದಲ್ಲೂ ಮಾಡುತ್ತಿದ್ದರು. ವರ್ಷ ಕಳೆದಂತೆ ಪಾಠ ಬೆಳೆಯಿತು. ತಾಯಿಯ ಕಾಯಿಲೆಯ ದಿನಗಳಲ್ಲಿ ಅದಕ್ಕೊಂದು ಕೊನೆಯ ಭಾಗ ಹುಟ್ಟಿಕೊಂಡಿತು. ಎದ್ದು ನಿಲ್ಲಲಾರದ ರೋಗಿ ಆ ಗುಡಿಗೆ ತಾನಾಗಿ ಬಂದಿರಲಾರ. ಎತ್ತಿನ ಗಾಡಿಯಲ್ಲೋ ಹೆಗಲ ಮೇಲೋ ಯಾರೋ ಹೊತ್ತು ತಂದಿರಬೇಕು. ಗುಣವಾದವರ ಹೆಸರು ಕಲ್ಲಿನಲ್ಲಿ ಉಳಿದಿದೆ, ಹೊತ್ತು ತಂದವರದು ದೊನಾತಾ ಓದಿದ ಯಾವ ಶಾಸನದಲ್ಲೂ ಕಂಡಿರಲಿಲ್ಲ. ರೋಗಿ ಮಂಟಪದಲ್ಲಿ ಮಲಗಿದ ಮೇಲೆ ಆ ಜನ ಎಲ್ಲಿಗೆ ಹೋದರು? ಅಷ್ಟೂ ಸಾಲು ಕಲ್ಲಾಸನ ಅವರಿಗಾಗಿ ಎಂಬುದು ದೊನಾತಾ ಅವರ ಉತ್ತರ. ಇದಕ್ಕೆ ಪುರಾವೆ ಇಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತರಗತಿಯಲ್ಲಿ ಆ ಭಾಗದವರೆಗೆ ಬಂದಾಗಲೆಲ್ಲ ಕೆಮ್ಮಿ, ವ್ಯಾಕರಣಕ್ಕೆ ಹೊರಳಿಬಿಡುತ್ತಿದ್ದರು. ಹೇಳುವುದಾದರೆ ಎಪಿದಾವ್ರೊಸ್‌ನಲ್ಲಿ, ರಂಗದ ನಡುವಿನ ಆ ದುಂಡುಕಲ್ಲಿನ ಮೇಲೆ ನಿಂತು ಹೇಳಬೇಕು ಎಂದು ಒಳಗೊಳಗೇ ನಿಶ್ಚಯಿಸಿಕೊಂಡಿದ್ದರು. ಆ ಭಾಗವನ್ನು ಯಾರೂ ಕೇಳಿರಲಿಲ್ಲ.

ನಿವೃತ್ತಿಯ ವರ್ಷ ಬಂತು. ಆ ವರ್ಷದ ತರಗತಿ ಪ್ರಾಗ್ ಕಡೆಗೇ ವಾಲಿತ್ತು. ಅದನ್ನು ಮಗುಚಿದವನು ಎಜಿದಿಯೊ ಎಂಬ ಹುಡುಗ; ಶಾಲೆಯ ಎಲ್ಲ ಶಿಕ್ಷಕರ ದನಿಯನ್ನೂ ಅಣಕಿಸಬಲ್ಲವನು.

"ಲೋ, ಪ್ರಾಗ್‌ಗೆ ಬಸ್ಸಲ್ಲಿ ಕಾಲು ಮಡಚ್ಕೊಂಡು ಹೋಗ್ಬೇಕು. ಗ್ರೀಸ್‌ಗೆ ಹಡಗು ಕಣ್ರೋ! ಹಡಗಲ್ಲಿ ಡ್ಯಾನ್ಸ್ ಹಾಲ್ ಇದೆ."

ಕೈಗಳು ಎದ್ದವು. ಪ್ರವಾಸಕ್ಕೆ ಜೊತೆಗೆ ಬರಲು ಒಪ್ಪಿದ ವ್ಯಾಯಾಮ ಶಿಕ್ಷಕ ಜೆರಾರ್ದೊ ಸುದ್ದಿಯನ್ನು ಶಿಕ್ಷಕರ ಕೋಣೆಗೆ ತಂದರು.

"ದೊನಾತಾ ಮೇಡಂ, ಗೆದ್ರಿ. ಆದ್ರೆ ಗೆಲ್ಸಿದ್ದು ನಿಮ್ ದೇವ್ರುಗಳಲ್ಲ, ಡ್ಯಾನ್ಸು."

"ಡ್ಯಾನ್ಸಿಗೂ ಅವ್ರದ್ದೇ ದೇವ್ರಿದಾನೆ ಜೆರಾರ್ದೊ, ನಿಮಗ್ಗೊತ್ತಿಲ್ಲ ಅಷ್ಟೇ," ಎಂದರು ದೊನಾತಾ.

ಪ್ರವಾಸದ ಏಜೆಂಟ್ ಕಳುಹಿಸಿದ ಅಂದಾಜುಪಟ್ಟಿಯಲ್ಲಿ ಸ್ಥಳೀಯ ಗೈಡ್ ಒಬ್ಬಳನ್ನು ಸೇರಿಸಲಾಗಿತ್ತು. ದೊನಾತಾ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದು, ಪಕ್ಕದಲ್ಲಿ "ಬೇಡ, ನಾನಿದ್ದೇನೆ" ಎಂದು ಬರೆದರು. ಗ್ರೀಸಿನ ಪುರಾತನ ಸ್ಥಳಗಳಲ್ಲಿ ಗುಂಪಿಗೆ ವಿವರಣೆ ಕೊಡಬೇಕಾದರೆ ಅಲ್ಲಿನ ಪರವಾನಗಿ ಇರಬೇಕು, ಶಿಕ್ಷಕರಾದರೆ ಮುಂಚಿತವಾಗಿ ಅನುಮತಿ ಪಡೆದಿರಬೇಕು ಎಂಬ ಸಂಗತಿ ಅವರ ತಲೆಗೇ ಹೊಳೆಯಲಿಲ್ಲ. ತಮ್ಮ ಮಕ್ಕಳಿಗೆ ತಾವು ಪಾಠ ಹೇಳುವುದು ಅವರ ಲೆಕ್ಕದಲ್ಲಿ ಗೈಡ್ ಕೆಲಸ ಆಗಿರಲೇ ಇಲ್ಲ.

ಏಪ್ರಿಲ್‌ನಲ್ಲಿ ಹೊರಟರು. ತಾಯಂದಿರು ಕಟ್ಟಿಕೊಟ್ಟ ಆಮ್ಲೆಟ್ ತುಂಬಿದ ರೊಟ್ಟಿ, ಎಣ್ಣೆಯಲ್ಲಿ ಕರಿದ ಒಣಮೆಣಸು, ಒಣಗಿಸಿದ ಹಂದಿಮಾಂಸದ ತುಂಡುಗಳಿಂದ ಬಸ್ಸೆಲ್ಲ ಘಮಘಮಿಸಿತು. ಹಡಗಿನ ಡ್ಯಾನ್ಸ್ ಹಾಲ್‌ಗೆ ಬೀಗ ಹಾಕಿತ್ತು, ಅದು ಬೇಸಗೆಗೆ ಮಾತ್ರವಂತೆ. ಎಜಿದಿಯೊ ಮರುದಿನ ಮಧ್ಯಾಹ್ನದವರೆಗೂ ಗೆಳೆಯರ ಬೈಗುಳ ತಿಂದ. ಕೊರಿಂಥ್ ಕಾಲುವೆಯ ವಿಷಯವನ್ನು ದೊನಾತಾ ಬಸ್ಸಿನಲ್ಲೇ ಹೇಳಿದರು. ಮಿಕೀನೆಯ ಪುರಾತನ ಕೋಟೆಯಲ್ಲಿ ಮಳೆ ಹೊಡೆಯುತ್ತಿತ್ತು; ಕಾವಲಿನವರು ತಮ್ಮ ಗೂಡು ಬಿಟ್ಟು ಹೊರಗೆ ಬರಲಿಲ್ಲ. ಹೀಗಾಗಿ ಎಪಿದಾವ್ರೊಸ್ ಮುಟ್ಟುವ ತನಕ ಅವರನ್ನು ಯಾರೂ ತಡೆದಿರಲಿಲ್ಲ.

ಎಪಿದಾವ್ರೊಸ್‌ನಲ್ಲಿ ಬಿಸಿಲಿತ್ತು. ಪೈನ್ ಮರಗಳ ನಡುವೆ ಹತ್ತಿ ಬಂದರೆ ಎದುರಿಗೇ ರಂಗಮಂದಿರ. ಚಿತ್ರಗಳಲ್ಲಿ ಬೂದುಬಣ್ಣವಾಗಿ ಕಂಡದ್ದು ಇಲ್ಲಿ ಜೇನಿನ ಬಣ್ಣಕ್ಕಿದೆ ಎಂಬುದು ದೊನಾತಾ ಮೊದಲು ಗಮನಿಸಿದ ಸಂಗತಿ. ಬಳಿಕ ಮಕ್ಕಳನ್ನು ಕೆಳಗಿನ ಸಾಲುಗಳಲ್ಲಿ ಕೂರಿಸಿ, ತಾವು ರಂಗದ ಅಂಚಿಗೆ ಬಂದರು.

"ಆಸ್ಪತ್ರೆಗೆ ನಾಟಕಶಾಲೆ ಯಾಕೆ? ಹೇಳಿ ನೋಡೋಣ. ಇಲ್ಲಿಗೆ ಬರ್ತಿದ್ದೋರು..."

ಸೀಟಿ ಕೂಗಿತು. ನೀಲಿ ಅಂಗಿಯ ಕಾವಲುಗಾರನೊಬ್ಬ ಬೀಸುಹೆಜ್ಜೆ ಹಾಕುತ್ತ ಬಂದ. ಹೆಸರು ಅರ್ಗಿರಿಸ್ ಎಂದು ಅಂಗಿಯ ಮೇಲಿತ್ತು. ದೊನಾತಾ ಅವನೊಂದಿಗೆ ಅಚ್ಚ ಪ್ರಾಚೀನ ಗ್ರೀಕ್‌ನಲ್ಲಿ ಮಾತಿಗೆ ತೊಡಗಿದರು. ಆತ ಶಾಂತವಾಗಿ ಕೇಳಿಸಿಕೊಂಡು, ಇಟಾಲಿಯನ್‌ನಲ್ಲಿ ಉತ್ತರಿಸಿದ.

"ಮೇಡಂ, ನಾನು ನಿಮ್ಮ ಇಟಲೀಲೇ, ಬಾರಿ ಪಟ್ಟಣದಲ್ಲಿ ನಾಲ್ಕು ವರ್ಷ ಮೀನಂಗಡೀಲಿದ್ದೆ. ಇಟಾಲಿಯನ್ನೇ ಮಾತಾಡಿ. ಗೈಡ್ ಪರವಾನಗಿ ಇದ್ಯಾ?"

"ನಾನು ಇವರ ಟೀಚರ್."

"ಅನುಮತಿ ಪತ್ರ?"

"ಇವರು ನನ್ ಮಕ್ಳು ಕಣಪ್ಪಾ. ಐದು ವರ್ಷದಿಂದ ಹೇಳ್ಕೊಡ್ತಿದೀನಿ. ಇವರ ಜೊತೆ ಮಾತಾಡೋಕೂ ಪತ್ರ ಬೇಕಾ?"

"ಮಾತಾಡಿ. ಒಬ್ಬೊಬ್ರ ಹತ್ರ ಎಷ್ಟ್ ಬೇಕಾದ್ರೂ ಮಾತಾಡಿ. ಗುಂಪು ಕೂರ್ಸ್ಕೊಂಡು, ಎದುರು ನಿಂತ್ಕೊಂಡು, ಕೈ ತೋರ್ಸಿ ವಿವರ್ಸಿದ್ರೆ ಅದು ಗೈಡ್ ಕೆಲ್ಸ. ಹೋದ್ ಸಲ ಒಬ್ರು ಫ್ರೆಂಚ್ ಮೇಷ್ಟ್ರಿಗೆ ಬಿಟ್ಟೆ. ಗೈಡುಗಳು ದೂರು ಕೊಟ್ರು. ನನ್ ಮೇಲಿನೋರು ನನ್ನ ನಿಲ್ಸಿ ಉಗಿದ್ರು. ನನಗೂ ಮನೆ ಇದೆ ಮೇಡಂ."

ಜೆರಾರ್ದೊ ಮಧ್ಯೆ ಬಾಯಿ ಹಾಕಿದರು. "ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಂಗಾಯ್ತು ಇದು."

"ಈ ಪೂಜಾರಿಗೆ ಸಂಬಳ ಕಮ್ಮಿ, ಸ್ವಾಮಿ," ಎಂದ ಅರ್ಗಿರಿಸ್, ಮುಖ ಗಂಟಿಕ್ಕದೆಯೇ.

ದೊನಾತಾ ಮತ್ತೆ ವಾದಿಸಲಿಲ್ಲ. ನಿಯಮವನ್ನು ಗಟ್ಟಿಯಾಗಿ ಪಾಲಿಸುವವರ ಬಗ್ಗೆ ಅವರಿಗೆ ಗೌರವವೇ ಇತ್ತು. ಅವರೂ ಅದೇ ಜಾತಿಯವರು. ಅಂದಾಜುಪಟ್ಟಿಯ ಮೇಲೆ ಓಡಿದ ತಮ್ಮ ಕೆಂಪು ಗೆರೆ ಕಣ್ಣ ಮುಂದೆ ಬಂದು, ಕಿವಿಯ ತುದಿ ಬಿಸಿಯಾಯಿತು. "ಮೇಲೆ ಹತ್ತಿ ನೋಡ್ಕೊಂಡ್ ಬನ್ನಿ, ಕೆಳಗಡೆ ಮಾತಾಡಿದ್ದು ಕೊನೇ ಸಾಲಿಗೂ ಕೇಳುತ್ತೆ," ಎಂದಷ್ಟೇ ಮಕ್ಕಳಿಗೆ ಹೇಳಿ, ತಾವೂ ಮೆಟ್ಟಿಲು ಹಿಡಿದರು. ಮೊಣಕಾಲು ನೋಯುತ್ತಿದ್ದುದರಿಂದ ಅರ್ಧಕ್ಕೆ ಹತ್ತಿ ಕೂತರು. ಅವರ ಮುಖ ಹಾಸಿದ ಬಿಳಿ ಮೇಜುಬಟ್ಟೆಯಂತೆ ಸಪಾಟಾಗಿತ್ತೆಂದು ಜೆರಾರ್ದೊ ಹೇಳುತ್ತಾರೆ; ಅಂಥ ಮುಖವನ್ನು ಅವರು ಇಂಕೊರೊನಾತಾ ಅವರ ಶವಸಂಸ್ಕಾರದ ದಿನ ಮಾತ್ರ ಕಂಡಿದ್ದರಂತೆ.

ಕೆಳಗೆ ರಂಗದ ನಡುವಿನ ದುಂಡುಕಲ್ಲಿನ ಬಳಿ ಪ್ರವಾಸಿಗಳ ಸಾಲಿತ್ತು. ಬಂದವರೆಲ್ಲ ಆ ಕಲ್ಲಿನ ಮೇಲೆ ನಿಂತು ಚಪ್ಪಾಳೆ ತಟ್ಟುವುದೋ, ಕಾಗದ ಹರಿಯುವುದೋ, ಏನಾದರೂ ಎರಡು ಮಾತಾಡುವುದೋ ಮಾಡಿ ದನಿಯನ್ನು ಪರೀಕ್ಷಿಸುತ್ತಾರೆ. ಅರ್ಗಿರಿಸ್ ಅದಕ್ಕೆ ಅಡ್ಡಿ ಮಾಡುತ್ತಿರಲಿಲ್ಲ. ಸಾಲು ಮುರಿಯಬಾರದು, ಸರದಿಗಿಂತ ಹೆಚ್ಚು ಹೊತ್ತು ನಿಲ್ಲಬಾರದು, ಹಾಡಬಾರದು. ಇಷ್ಟೇ ಅವನ ಕಟ್ಟಳೆ.

ಮಕ್ಕಳಲ್ಲಿ ಉಪಾಯ ಮೊದಲು ಯಾರಿಗೆ ಹೊಳೆಯಿತೆಂಬುದರ ಬಗ್ಗೆ ಎರಡು ಮಾತಿವೆ. ಎಜಿದಿಯೊ ತನಗೆ ಎನ್ನುತ್ತಾನೆ, ಉಳಿದವರು ಒಪ್ಪುವುದಿಲ್ಲ. ಏನೇ ಇರಲಿ, ಜರ್ಮನ್ ಅಜ್ಜನೊಬ್ಬ ಕೆಮ್ಮಿ ಕೆಳಗಿಳಿದ ಮೇಲೆ ಕಲ್ಲು ಹತ್ತಿದವನು ಎಜಿದಿಯೊ. ಎಡಗೈಯನ್ನು ಸೊಂಟಕ್ಕಿಟ್ಟ, ಮೂಗಿನ ತುದಿಗೆ ಇಲ್ಲದ ಕನ್ನಡಕವನ್ನು ಇಳಿಸಿದ. ಬಾಯಿ ತೆರೆದರೆ ಬಂದದ್ದು ದೊನಾತಾ ಅವರದೇ ದನಿ.

"ಆಸ್ಪತ್ರೆಗೆ ನಾಟಕಶಾಲೆ ಯಾಕೆ? ಹಿಂದಿನ ಬೆಂಚು, ಚೂಯಿಂಗ್ ಗಮ್ ಉಗೀರಿ! ಇಲ್ಲಿಗೆ ಬರ್ತಿದ್ದೋರು ಮೊದ್ಲು ಸ್ನಾನ ಮಾಡ್ತಿದ್ರು. ನಿಮ್ ಹಾಗಲ್ಲ."

ಮೇಲಿನ ಸಾಲುಗಳಲ್ಲಿ ಮಕ್ಕಳು ಬಿದ್ದು ಬಿದ್ದು ನಕ್ಕರು. ತಮ್ಮ ದನಿ ಇಷ್ಟು ಮೂಗಿನಿಂದ ಬರುತ್ತದೆಂದು ದೊನಾತಾ ಅವರಿಗೆ ಆವರೆಗೆ ಗೊತ್ತಿರಲಿಲ್ಲ. ಆದರೆ ಮಾತುಗಳೆಲ್ಲ ಅವರವೇ, ಅನುಕ್ರಮವೂ ಅದೇ. ಎಜಿದಿಯೊ ಇಳಿದ. ಅವನ ಹಿಂದೆ ಒಬ್ಬ ಹುಡುಗಿ, ಅವಳ ಹಿಂದೆ ಇನ್ನೊಬ್ಬ. ಮಕ್ಕಳು ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ನಿಂತುಬಿಟ್ಟಿದ್ದರು. ಒಬ್ಬೊಬ್ಬರೂ ಸರದಿ ಬಂದಾಗ ಪಾಠದ ಒಂದೊಂದು ತುಣುಕನ್ನು, ನೆನಪಿದ್ದಷ್ಟು, ಒಪ್ಪಿಸಿ ಇಳಿಯುತ್ತಿದ್ದರು. ಬಲಿಯ ವಿಷಯ ಬಂತು. ಮಂಟಪದ ನಿದ್ದೆ ಬಂತು. ನಡುವೆ ಬೇರೆ ಪ್ರವಾಸಿಗಳು ಬಂದು ಚಪ್ಪಾಳೆ ತಟ್ಟಿ ಹೋದರು.

"ಆಮೇಲೆ ದೇವ್ರು ಕನಸಲ್ಲಿ ಹದ್ದಾಗಿ ಬರ್ತಿದ್ದ," ಎಂದ ಒಬ್ಬ ಹುಡುಗ.

"ಹಾವು!" ಎಂದು ದೊನಾತಾ ಎದ್ದು ನಿಂತು ಕೂಗಿದರು. "ಹದ್ದಲ್ಲ, ಹಾವು! ಎಷ್ಟ್ ಸಲ ಹೇಳೋದು!"

ಸೀಟಿ ಕೂಗಿತು. ಅರ್ಗಿರಿಸ್ ಮೇಲಕ್ಕೆ ಬೆರಳು ತೋರಿಸಿದ. "ಮೇಡಂ! ಹೇಳೋದಿದ್ರೆ ಸಾಲಲ್ಲಿ ನಿಂತ್ಕೊಂಡು ಹೇಳಿ. ನಿಮಗೂ ಒಂದು ಸರದಿ ಇದೆ, ಎಲ್ರಿಗೂ ಇರೋ ಹಾಗೆ."

ದೊನಾತಾ ಕೈಚೀಲ ಎತ್ತಿಕೊಂಡು, ಮೊಣಕಾಲು ಹಿಡಿದುಕೊಂಡು ಇಳಿದರು. ಸಾಲಿನ ಕೊನೆಯಲ್ಲಿ ನಿಂತರು. ಸರದಿ ಬಂದಾಗ ಕಲ್ಲು ಹತ್ತಿ, ಹಾವಿನ ಸಂಗತಿಯನ್ನು ಸರಿಪಡಿಸಿ, ಮುಂದಿನ ಭಾಗಕ್ಕೆ ಕೈ ಹಾಕುವಷ್ಟರಲ್ಲಿ ಅರ್ಗಿರಿಸ್ ಕೈಗಡಿಯಾರದ ಮೇಲೆ ಬೆರಳಿಂದ ಬಡಿದ. ಅವರ ಹಿಂದಿದ್ದ ಹುಡುಗ, "ನನ್ ಸರದೀನೂ ಪ್ರೊಫ್‌ಗೇ ಕೊಟ್ಟೆ," ಎಂದ; ಮಕ್ಕಳು ಅವರನ್ನು ಕರೆಯುತ್ತಿದ್ದುದೇ ಪ್ರೊಫ್ ಎಂದು.

"ಸರದಿ ಕೊಡೋದು ತಗೊಳ್ಳೋದು ಇಲ್ಲಪ್ಪ. ಇದೇನು ರೊಟ್ಟಿ ಅಂಗ್ಡೀನಾ? ಇಳಿದು, ಹಿಂದೆ ಹೋಗಿ ನಿಲ್ಲಿ ಮೇಡಂ."

ಅವರು ಇಳಿದು, ಹಿಂದೆ ಹೋಗಿ ನಿಂತರು. ಆ ಮಧ್ಯಾಹ್ನ ಪಾಠ ನಡೆದದ್ದು ಹೀಗೆ: ದೊನಾತಾ ಒಂದು ತುಣುಕು ಹೇಳಿ ಸಾಲಿನ ಕೊನೆಗೆ ಹೋಗುವುದು, ಅವರು ಮತ್ತೆ ಕಲ್ಲು ಮುಟ್ಟುವ ತನಕ ಮಕ್ಕಳು ತಪ್ಪೋ ಒಪ್ಪೋ ಮುಂದುವರಿಸುವುದು. ಹಾಲೆಂಡಿನ ದಂಪತಿ ಇದೇನೋ ಇಲ್ಲಿನ ಆಚರಣೆ ಇರಬೇಕೆಂದುಕೊಂಡು ಸಾಲಿಗೆ ಸೇರಿದರು. ಬಸ್ಸಿನ ಚಾಲಕನಿಗೆ ಚಾಲನೆಯ ಅವಧಿಯ ಮಿತಿ ಇತ್ತು. ಅವನು ಕೆಳಗಿನ ದಾರಿಯಲ್ಲಿ ಹಾರ್ನ್ ಒತ್ತತೊಡಗಿದ. "ಮೇಡಂ, ಬೇಗ ಬೇಗ ಗುಣ ಮಾಡಿ ಕಳ್ಸಿ ರೋಗಿಗಳ್ನ, ಬಸ್ ಹೋಗುತ್ತೆ," ಎಂದು ಜೆರಾರ್ದೊ ಅವಸರಿಸಿದರು. ಪಾಠದ ರೋಗಿ ಮಂಟಪದಲ್ಲಿ ಮಲಗಿಯಾಗಿತ್ತು. ಇನ್ನುಳಿದಿದ್ದು ಯಾರೂ ಕೇಳದ ಆ ಕೊನೆಯ ಭಾಗ. ದೊನಾತಾ ಅವರಿಗೂ ಕಲ್ಲಿಗೂ ನಡುವೆ ಇದ್ದದ್ದು ವಿತಾ ಎಂಬ ಹುಡುಗಿ ಒಬ್ಬಳೇ. ಅವರು ಕೈಚೀಲವನ್ನು ಎಡಗೈಗೆ ಬದಲಿಸಿ, ಗಂಟಲು ಸರಿಮಾಡಿಕೊಂಡರು.

ವಿತಾ ಗ್ರೀಕ್‌ನಲ್ಲಿ ಎಂದೂ ತೇರ್ಗಡೆಯ ಅಂಕ ಮುಟ್ಟಿದವಳಲ್ಲ. ಬೆಳಗಿನ ಮೊದಲ ಗಂಟೆಗೆ ತಡವಾಗಿ ಬರುತ್ತಿದ್ದಳು. ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಅಮ್ಮ ಸೋಫಾ ಕಾರ್ಖಾನೆಯ ಮುಂಜಾನೆ ಪಾಳಿಗೆ ಹೋದ ಮೇಲೆ ನೋಡಿಕೊಳ್ಳುವವಳು ಈ ಹುಡುಗಿಯೇ ಎಂಬುದು ದೊನಾತಾ ಅವರಿಗೆ ತಿಳಿದದ್ದು ಹಡಗಿನಲ್ಲಿ, ಅವಳು ಮತ್ತೆ ಮತ್ತೆ ಮನೆಗೆ ಫೋನ್ ಮಾಡುವುದನ್ನು ಕಂಡು.

ವಿತಾ ಕಲ್ಲಿನ ಮೇಲೆ ನಿಂತಳು. ಮುಂದಿನ ತುಣುಕು ಯಾವುದೆಂದು ಅವಳಿಗೆ ಹೊಳೆಯಲಿಲ್ಲ. ಮೇಲೆ ಕೂತಿದ್ದವರು ಪಿಸುಗುಟ್ಟಿದರು, ನಕ್ಕರು. ಅವಳು ಹಿಂದೆ ತಿರುಗಿ ದೊನಾತಾ ಅವರನ್ನು ನೋಡಿದಳು.

"ಪ್ರೊಫ್, ರೋಗಿ ಒಳಗಡೆ ಮಲಗ್ತಾನೆ, ಸರಿ. ಅವನ್ನ ಕರ್ಕೊಂಡ್ ಬಂದಿರ್ತಾರಲ್ಲ, ಅವ್ರು?"

ಐದು ವರ್ಷದಲ್ಲಿ ವಿತಾ ಕೇಳಿದ ಮೊದಲ ಪ್ರಶ್ನೆ ಅದು. ಕಲ್ಲಿನ ಮೇಲೆ ಆಡಿದ್ದರಿಂದ ಕೊನೆಯ ಸಾಲಿಗೂ ಕೇಳಿಸಿತು. ದೊನಾತಾ ಬಾಯಿ ತೆರೆದರು. ಸರದಿ ಇನ್ನೂ ಅವರದಾಗಿರಲಿಲ್ಲ, ಅರ್ಗಿರಿಸ್ ನೋಡುತ್ತಿದ್ದ. ಬಾಯಿ ಮುಚ್ಚಿದರು. ಉತ್ತರ ಬರುವುದಿಲ್ಲವೆಂದು ಕಂಡಾಗ ವಿತಾ ಮತ್ತೆ ಮೇಲಕ್ಕೆ, ಬಿಸಿಲಿನಲ್ಲಿ ಹರಡಿದ, ಬಹುಪಾಲು ಖಾಲಿಯಿದ್ದ ಆ ಸಾಲುಗಳ ಕಡೆಗೆ ತಿರುಗಿದಳು.

"ಅವ್ರಿಗೂ ಸುಸ್ತಾಗಿರುತ್ತೆ. ಅಷ್ಟ್ ದೂರ ಎತ್ಕೊಂಡು ಬಂದಿರ್ತಾರೆ, ಬೆನ್ನು ಬಿದ್ದೋಗಿರುತ್ತೆ. ಒಳಗೆ ಬಿಡಲ್ಲ. ಇಲ್ಬಂದು ಕೂತಿರ್ತಾರೆ. ಎದುರುಗಡೆ ಏನ್ ನಡೀತಿದೆ ಅಂತ ನೋಡ್ತಿದ್ರೋ ಇಲ್ವೋ ಗೊತ್ತಿಲ್ಲ, ಸುಮ್ನೆ ಕೂತಿರ್ತಾರೆ." ಮೇಲಿನ ಸಾಲುಗಳತ್ತ ಕೈ ತೋರಿಸಿದಳು. "ಅದಕ್ಕೇ ಇರ್ಬೇಕು, ಇಷ್ಟೊಂದ್ ಕಲ್ಲು."

ಕೆಳಗಿನ ದಾರಿಯಲ್ಲಿ ಹಾರ್ನ್ ಮತ್ತೊಮ್ಮೆ ಕೂಗಿತು. ವಿತಾ ಇಳಿದು, ಏನು ಮಾಡಬೇಕೆಂದು ತೋಚದೆ ಕಲ್ಲಿನ ಪಕ್ಕದಲ್ಲೇ ನಿಂತಳು.

"ನಿಮ್ ಸರದಿ, ಮೇಡಂ," ಎಂದ ಅರ್ಗಿರಿಸ್.

ದೊನಾತಾ ಕಲ್ಲು ಹತ್ತಿದರು. ಹೇಳಬೇಕೆಂದುಕೊಂಡಿದ್ದ ವಾಕ್ಯಗಳು ಬಾಯಿಪಾಠವಾಗಿದ್ದವು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದು ಸಹ. ಮೇಲೆ ಮಕ್ಕಳು ಮುಂದಕ್ಕೆ ಬಾಗಿ ಕಾಯುತ್ತಿದ್ದರು. ದೊನಾತಾ ಒಮ್ಮೆ ಸಾಲುಗಳನ್ನು ತುದಿಯಿಂದ ತುದಿಗೆ ನೋಡಿದರು. ನಂತರ ವಿತಾಳ ಕಡೆ ತಿರುಗಿ, ತರಗತಿಯಲ್ಲಿ ಒಪ್ಪಿಸಿ ಮುಗಿಸಿದವರಿಗೆ ಹೇಳುವ ದನಿಯಲ್ಲೇ ಹೇಳಿದರು:

"ಸರಿಯಾಗಿದೆ ವಿತಾ. ಕೂತ್ಕೋ."

ಹುಡುಗಿ ಹೋಗಿ ಮೊದಲ ಸಾಲಿನಲ್ಲಿ ಕೂತಳು. ಅರ್ಗಿರಿಸ್ ಕೈಗಡಿಯಾರ ನೋಡಿದ.

"ಅಷ್ಟೇನಾ? ನಿಮ್ಮ ಹೊತ್ತು ಇನ್ನೂ ಇದೆ ಮೇಡಂ."

"ಅಷ್ಟೇ," ಎಂದು ದೊನಾತಾ ಕಲ್ಲಿನಿಂದ ಇಳಿದು, ಹಾಲೆಂಡಿನ ದಂಪತಿಗೆ ಜಾಗ ಬಿಟ್ಟುಕೊಟ್ಟರು.